ಅಪ್‌ಡೇಟ್: ಚಡ್ಡಿಯ ಕಲೆ ಭೇದಿಯದ್ದಲ್ಲ, ಮಲಬದ್ಧತೆಯದ್ದು

ನಾಲ್ಕು ವರ್ಷದ ಮಗುವಿನ ಚಡ್ಡಿಯಲ್ಲಿ ದಿನವೂ ತೆಳು ಮಲದ ಕಲೆ, ಇದು ಭೇದಿಯೇ ಎಂದು ಕೇಳಿದ್ದೆ. ಅಲ್ಲವಂತೆ. ಗಟ್ಟಿ ಮಲ ಕಟ್ಟಿಕೊಂಡಾಗ ಪಕ್ಕದಿಂದ ನೀರುಮಲ ಜಿನುಗುತ್ತದೆ. ಮಗುವಿಗೆ ಗೊತ್ತೇ ಆಗುವುದಿಲ್ಲ, ಬೈದು ಪ್ರಯೋಜನವಿಲ್ಲ. ಭೇದಿ ನಿಲ್ಲಿಸುವ ಔಷಧ ಕೊಟ್ಟರೆ ಇನ್ನಷ್ಟು ಕಟ್ಟುತ್ತದೆ. ಕಾಲು ಬಿಗಿದು ತುದಿಗಾಲಲ್ಲಿ ನಿಲ್ಲುವುದೂ ತಿಣುಕುವುದಲ್ಲ, ಮಲ ತಡೆಹಿಡಿಯುವುದು.

ವೈದ್ಯರು ಮೊದಲು ಕಟ್ಟಿದ್ದನ್ನು ತೆರವು ಮಾಡಲು ಹೇಳಿದರು: ಪಾಲಿಎಥಿಲೀನ್ ಗ್ಲೈಕಾಲ್ ಪುಡಿ (ಮಲ ಮೆದುಗೊಳಿಸುವ ಔಷಧ), ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ, 3ರಿಂದ 6 ದಿನ. ಆಗ ಸೋರಿಕೆ ಹೆಚ್ಚಬಹುದು, ಹೆದರಿ ನಿಲ್ಲಿಸಬಾರದು. ಬಳಿಕ ಅದೇ ಪುಡಿ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 0.4 ಗ್ರಾಂ, ಕನಿಷ್ಠ 2 ತಿಂಗಳು. ಎಲ್ಲರೂ ಎಡವುವುದು ಇಲ್ಲೇ, ಸರಿಯಾಯಿತೆಂದು ಬೇಗ ಬಿಡುತ್ತಾರೆ. ಊಟದ ನಂತರ 5–10 ನಿಮಿಷ ಕೂರಿಸಿ, ಪಾದದಡಿ ಮಣೆ. ಹೊಟ್ಟೆ ಉಬ್ಬಿ ವಾಂತಿಯಾದರೆ ಕಾಯದೆ ತೋರಿಸಿ.