ಅಪ್‌ಡೇಟ್: ಆಲ್ಫಾಫೋಲ್ಡ್ ಕಾಲದ ಪಿಎಚ್.ಡಿ. ಮತ್ತು ಪ್ರೋಟೀನ್ ಶುದ್ಧೀಕರಣ

ಪ್ರೋಟೀನಿನ ರಚನೆಯನ್ನು ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಊಹಿಸಬಲ್ಲ ಈ ಕಾಲದಲ್ಲಿ, ಜೀವರಸಾಯನಶಾಸ್ತ್ರ ಮತ್ತು ಅಣುಜೀವವಿಜ್ಞಾನದ ಪಿಎಚ್.ಡಿ.ಗೆ ಸೇರುವವರು ಪ್ರೋಟೀನ್ ಶುದ್ಧೀಕರಣ (ಜೀವಕೋಶದ ಉಳಿದ ವಸ್ತುಗಳಿಂದ ಬೇಕಾದ ಪ್ರೋಟೀನನ್ನು ಬೇರ್ಪಡಿಸುವುದು) ಕಲಿಯಲು ವರ್ಷಗಳನ್ನು ಮೀಸಲಿಡಬೇಕೇ ಎಂದು ನಾನು ಹಿಂದೆ ಕೇಳಿದ್ದೆ. ಕಂಪ್ಯೂಟರ್‌ನಲ್ಲಿ ರಚನೆ ಊಹಿಸುವುದು ಮತ್ತು ಪ್ರೋಟೀನ್ ಶುದ್ಧೀಕರಿಸುವುದು, ಈ ಎರಡೂ ಬಗೆಯ ಕೆಲಸ ನಡೆಯುವ ಪ್ರಯೋಗಾಲಯವನ್ನು ಆರಿಸಿಕೊಳ್ಳುವಂತೆ ಹಲವರು ಸೂಚಿಸಿದ್ದರು. ಅದರಂತೆ ಸೇರಿ, ಕಿಣ್ವವೊಂದರ ಮೇಲೆ ಸಂಶೋಧನೆ ಆರಂಭಿಸಿದ್ದೇನೆ.

ಊಹಿಸಿದ ರಚನೆ ಬಹುಬೇಗ ಕೈಗೆ ಬಂತು. ಆದರೆ ಆ ಕಿಣ್ವ ಎಷ್ಟು ವೇಗವಾಗಿ ಕೆಲಸ ಮಾಡುತ್ತದೆ, ಯಾವ ಲೋಹದ ಅಯಾನು ಇಲ್ಲದಿದ್ದರೆ ನಿಷ್ಕ್ರಿಯವಾಗುತ್ತದೆ, ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಏನಾಗುತ್ತದೆ ಎಂಬುದನ್ನು ಅಳೆದೇ ತಿಳಿಯಬೇಕು, ಅಳೆಯಲು ಶುದ್ಧ ಪ್ರೋಟೀನೇ ಬೇಕು. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉತ್ಪಾದಿಸಿದಾಗ ನಮ್ಮ ಕಿಣ್ವ ಸರಿಯಾಗಿ ಮಡಚಿಕೊಳ್ಳದೆ, ಕರಗದ ಮುದ್ದೆಯಾಗುತ್ತಿತ್ತು. ಮಾರ್ಗದರ್ಶಕರ ಸಲಹೆಯಂತೆ ಉಷ್ಣಾಂಶವನ್ನು 18ಕ್ಕೆ ಇಳಿಸಿದಾಗ ಉತ್ಪಾದನೆ ನಿಧಾನವಾದರೂ ಬಹುಪಾಲು ಕರಗಿದ ರೂಪದಲ್ಲಿ ದೊರೆಯಿತು. ನಿಕಲ್‌ಗೆ ಅಂಟಿಕೊಳ್ಳುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಬಾಲವನ್ನು ಕಿಣ್ವಕ್ಕೆ ಜೋಡಿಸಿದ್ದರಿಂದ, ನಿಕಲ್ ಕಾಲಮ್‌ನಲ್ಲಿ (ನಿಕಲ್ ಇರುವ ವಸ್ತು ತುಂಬಿದ ಕೊಳವೆಯಲ್ಲಿ) ಬೇರ್ಪಡಿಸುವುದು ಸುಲಭವಾಯಿತು.

ಅಮೈನೋ ಆಮ್ಲಗಳ ಸರಣಿಯಲ್ಲೇ ಮಡಿಕೆಯ ಮಾಹಿತಿ ಅಡಗಿದೆ ಎಂದು ತೋರಿಸಿ 1972ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ವಿಜ್ಞಾನಿ ಆನ್ಫಿನ್ಸೆನ್ ಅವರ ತೀರ್ಮಾನವೂ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವದ ಶುದ್ಧ ರೂಪದ ಮೇಲಿನ ಪ್ರಯೋಗಗಳಿಂದಲೇ ಬಂದದ್ದು. ಆದ್ದರಿಂದ ಈ ಕೌಶಲಕ್ಕೆ ಕೊಡುವ ಸಮಯ ಖಂಡಿತ ಸಾರ್ಥಕವೆಂದು ನನಗೆ ಮನವರಿಕೆಯಾಗಿದೆ. ನಮ್ಮ ಕಿಣ್ವದ ಸಕ್ರಿಯ ತಾಣದ (ರಾಸಾಯನಿಕ ಕ್ರಿಯೆ ನಡೆಯುವ ಭಾಗದ) ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬದಲಿಸಿ ವೇಗವನ್ನು ಅಳೆಯುವ ಕೆಲಸ ಈಗ ನಡೆಯುತ್ತಿದೆ.