ಅಮ್ಮನಿಗೆ ಸಿಒಪಿಡಿ (ಹೊಗೆಯಂಥವುಗಳಿಂದ ಶ್ವಾಸಕೋಶ ಹಾಳಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ), ಹೃದಯಕ್ಕೂ ಹೊರೆ ಬಿದ್ದಿದೆ. ನಡೆಸಬಹುದಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯವಳು):
ಅಮ್ಮನಿಗೆ 66 ವರ್ಷ. ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದರೆ ಜೀವಮಾನವೆಲ್ಲ ಸೌದೆ ಒಲೆ ಮುಂದೆ ಕೂತವರು. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಜಾಸ್ತಿ, ಹೃದಯದ ಬಲಭಾಗಕ್ಕೆ ಹೊರೆ ಅಂತ ಎಕೋದಲ್ಲಿ (ಹೃದಯದ ಸ್ಕ್ಯಾನ್) ಬಂದಿದೆ. ಆದರೂ ಡಾಕ್ಟರು ದಿನಾ ನಡೀರಿ ಅಂದಿದ್ದಾರೆ. ಕೊಟ್ಟಿಗೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಬಾಗಿಲು ಹಿಡಿದು ನಿಂತುಬಿಡುತ್ತಾರೆ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ರಕ್ತದ ಆಕ್ಸಿಜನ್ ಶೇ 94ರಿಂದ 87ಕ್ಕೆ ಇಳಿಯುತ್ತದೆ. ನಡೆಸಿದರೆ ಹೃದಯಕ್ಕೆ ಇನ್ನೂ ತೊಂದರೆ ಆಗಲ್ವಾ?

ಉತ್ತರ (ಫಿಸಿಯೋಥೆರಪಿಸ್ಟ್, ಮೈಸೂರು):
ನಿಮ್ಮ ಭಯಕ್ಕೆ ಕಾರಣ ಇದೆ, ಮೇಡಂ. ನಡೆಯುವಾಗ ರಕ್ತದ ಹರಿವು ಏರುತ್ತದೆ. ಆರೋಗ್ಯವಂತರಲ್ಲಿ ಶ್ವಾಸಕೋಶದ ಸಣ್ಣ ನಾಳಗಳು ಹಿಗ್ಗಿ ದಾರಿ ಬಿಡುತ್ತವೆ. ಈ ಕಾಯಿಲೆಯಲ್ಲಿ ಕೆಲವು ನಾಳ ಹಾಳಾಗಿರುತ್ತವೆ. ಆಕ್ಸಿಜನ್ ಕಡಿಮೆಯಾದರೆ ಉಳಿದವೂ ಬಿಗಿಯುತ್ತವೆ. ಆಗ ಹೃದಯದ ಬಲಭಾಗ ಜೋರಾಗಿ ತಳ್ಳಬೇಕು. ಉಸಿರು ಪೂರ್ತಿ ಹೊರಹೋಗದೆ ಎದೆಯಲ್ಲಿ ಗಾಳಿ ಉಳಿದರೆ, ಹೃದಯಕ್ಕೆ ವಾಪಸ್ ಬರುವ ರಕ್ತಕ್ಕೂ ಅಡ್ಡಿ.

ಹಾಗಂತ ಸುಮ್ನೆ ಕೂರಿಸಬೇಡಿ. ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯುವಿನಲ್ಲಿ ಸಣ್ಣ ಕೆಲಸಕ್ಕೂ ಲ್ಯಾಕ್ಟಿಕ್ ಆಸಿಡ್ ಹೆಚ್ಚುತ್ತದೆ, ಏದುಸಿರು ಇನ್ನೂ ಜಾಸ್ತಿಯಾಗುತ್ತದೆ. ವ್ಯಾಯಾಮದಿಂದ ಶ್ವಾಸಕೋಶ ಮೊದಲಿನಂತೆ ಆಗಲ್ಲ. ಲಾಭ ಹೆಚ್ಚಾಗಿ ಸಿಗುವುದು ಕಾಲಿಗೆ: ಸ್ನಾಯುವಿನೊಳಗೆ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಬಂದ ಆಕ್ಸಿಜನ್ ಚೆನ್ನಾಗಿ ಬಳಕೆಯಾಗುತ್ತದೆ.

ಆದರೆ 87ರ ವಿಷಯ ಡಾಕ್ಟರಿಗೆ ಮೊದಲೇ ಹೇಳಿ. 6 ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ. ನಾವು ಸಾಮಾನ್ಯವಾಗಿ 88ಕ್ಕಿಂತ ಕೆಳಗೆ ಹೋಗಲು ಬಿಡಲ್ಲ. ಕೆಲವರಿಗೆ ನಡೆಯುವಾಗ ಆಕ್ಸಿಜನ್ ಬೇಕಾಗುತ್ತದೆ. ಶಿಳ್ಳೆ ಹಾಕುವಾಗಿನಂತೆ ತುಟಿ ಚೂಪು ಮಾಡಿ ನಿಧಾನ ಉಸಿರು ಬಿಡುವುದನ್ನು ಕಲಿಸಿ. ತಲೆ ಸುತ್ತಿದರೆ, ಎದೆ ನೋವು ಬಂದರೆ ಅಲ್ಲೇ ನಿಲ್ಲಿಸಿ.

ಉತ್ತರ (ಹಾಸನ):
ನಮ್ಮ ಅಪ್ಪನಿಗೆ ಹಾರ್ಟ್ ಫೇಲ್ಯೂರ್, ಪಂಪಿಂಗ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪ್ರಮಾಣ) ಶೇ 30. ವ್ಯಾಯಾಮ ಶುರುವಾದ ಮೇಲೂ ಎಕೋದಲ್ಲಿ ಆ ನಂಬರು ಅಷ್ಟೇನೂ ಬದಲಾಗಿಲ್ಲ. ಆದರೆ ಈಗ ಹಾಲು ಹಿಡಿದು ಡೈರಿಗೆ ಒಬ್ಬರೇ ಹೋಗಿಬರುತ್ತಾರೆ. ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಇರುವುದರಿಂದ ನಾಡಿ ಅಷ್ಟಾಗಿ ಏರಲ್ಲ, ಶ್ರಮ ಎಷ್ಟಾಯ್ತು ಅಂತ ತಿಳಿಯಲು ಉಸಿರು ನೋಡಿ ಅಂತ ನರ್ಸ್ ಹೇಳಿಕೊಟ್ಟರು. ಬೆಳಿಗ್ಗೆ ತೂಕವನ್ನೂ ನೋಡ್ತೀವಿ ಅಕ್ಕ. ಎರಡು ಮೂರು ದಿನದಲ್ಲಿ 2 ಕೆಜಿ ಏರಿತು ಅಂದರೆ ಮೈಯಲ್ಲಿ ನೀರು ನಿಂತಿರಬಹುದು, ಅವತ್ತು ನಡಿಗೆ ಬಿಟ್ಟು ಡಾಕ್ಟರಿಗೆ ಫೋನ್.

ಪ್ರಶ್ನೆ ಕೇಳಿದವಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಮ್ಮದು ಗುಡ್ಡದ ಮೇಲಿನ ಮನೆ. ಸಮತಟ್ಟು ಅಂದರೆ ಅಡಿಕೆ ಒಣಗಿಸುವ ಅಂಗಳ ಮಾತ್ರ. ಸಾಕಾ?

ಫಿಸಿಯೋಥೆರಪಿಸ್ಟ್:
ಧಾರಾಳ ಸಾಕು. ಡಾಕ್ಟರು ಒಪ್ಪಿದ ಮೇಲೆ ಎರಡೂ ತುದಿಗೆ ಒಂದೊಂದು ಕುರ್ಚಿ ಇಡಿ. ಒಂದೆರಡು ನಿಮಿಷ ನಡಿಗೆ, ಆಮೇಲೆ ವಿಶ್ರಾಂತಿ. ಕುರ್ಚಿಯಿಂದ ಎದ್ದು ಕೂರುವುದೂ ತೊಡೆಗೆ ಒಳ್ಳೆಯದು. ಮುಗಿಸುವಾಗ ಮಾತ್ರ ಥಟ್ಟನೆ ನಿಲ್ಲಬಾರದು. ರಕ್ತ ಕಾಲಲ್ಲೇ ಉಳಿದು ತಲೆ ತಿರುಗಬಹುದು, ಹಾಗಾಗಿ ನಿಧಾನ ಮಾಡುತ್ತಾ ನಿಲ್ಲಿಸಿ. ಇನ್ನೊಂದು ಮಾತು. ಬಚ್ಚಲ ಒಲೆಗೆ ಈಗಲೂ ಅಮ್ಮನೇ ಬೆಂಕಿ ಹಾಕುತ್ತಾರಾ? ದಯವಿಟ್ಟು ಆ ಕೆಲಸ ಬೇರೆಯವರು ಮಾಡಲಿ.