ನಾಟಕದ ಆಲ್ಬಂ: ಯಾವ ಹಾಡು ಇರಲಿ, ಯಾವುದು ಬಿಡಲಿ?

ಪ್ರಶ್ನೆ (ಕಲಬುರಗಿಯ ಹವ್ಯಾಸಿ ತಂಡವೊಂದರ ನಿರ್ದೇಶಕಿ):

ನಮಸ್ಕಾರ ಸರ್. ನಮ್ಮ ಹೊಸ ಸಂಗೀತ ನಾಟಕ ಹೋದ ತಿಂಗಳು ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಆಯಿತು. ತೊಗರಿ ರಾಶಿ ಮುಗಿದು ಚೀಲ ಅಡತಿ (ದಲ್ಲಾಳಿ) ಅಂಗಡಿಗೆ ಹೋಗುವ ಒಂದೇ ದಿನದ ಕಥೆ. ಎರಡೂಕಾಲು ಗಂಟೆ, 17 ಹಾಡು. ನೋಡಿದವರೆಲ್ಲ ಹಾಡು ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ. ಆಲ್ಬಂ ಮಾಡೋಣ ಅಂತ ಹೊರಟಿದ್ದೇವೆ. ಆದರೆ ಸ್ಟುಡಿಯೋಗೆ ಎರಡು ದಿನದ ದುಡ್ಡಷ್ಟೇ ಇದೆ. ಪೇಟಿ (ಹಾರ್ಮೋನಿಯಂ) ಮಾಸ್ತರು 17 ಹಾಡೂ ಇರಲಿ ಅಂತಾರೆ. ನಾಟಕ ಬರೆದವರು ಮಾತೂ ಬೇಕೇ ಬೇಕು ಅಂತಾರೆ. ನಾಯಕಿ ಪಾತ್ರದ ಹುಡುಗಿಗೆ ತನ್ನ ಐದು ಹಾಡೂ ಬೇಕು. ನಾನು ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ಪ್ರದರ್ಶನದ ಮೊಬೈಲ್ ವಿಡಿಯೊ, ನಾಟಕದ ಪ್ರತಿ ಎರಡನ್ನೂ ಹಾಕಿದ್ದೇನೆ. ದಯವಿಟ್ಟು ನೋಡಿ ಹೇಳಿ.

ಉತ್ತರ (ರಂಗಗೀತೆಗಳ ಧ್ವನಿಮುದ್ರಣ ಮಾಡುವವರು):

ನಮಸ್ಕಾರ ಮೇಡಂ. ವಿಡಿಯೊ ಪೂರ್ತಿ ನೋಡಿದೆ. ಮೂವರಲ್ಲಿ ನನಗೆ ಸರಿ ಅನಿಸಿದ್ದು ನಾಟಕ ಬರೆದವರ ಮಾತು, ಅದೂ ಅರ್ಧ.

ನಿಮ್ಮ ಆಲ್ಬಂ ಕೇಳುವವರಲ್ಲಿ ಎರಡು ಥರದವರು. ನಾಟಕ ನೋಡಿದವರಿಗೆ ಹಾಡು ಶುರುವಾದರೆ ಸಾಕು, ರಂಗ ಕಣ್ಮುಂದೆ ಬರುತ್ತದೆ. ಅವರಿಗೆ ನೀವು ಏನು ಕೊಟ್ಟರೂ ನಡೆಯುತ್ತೆ. ಇನ್ನೊಬ್ಬರು ನಾಟಕ ನೋಡೇ ಇಲ್ಲ, ಬಹುಶಃ ನೋಡುವುದೂ ಇಲ್ಲ. ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋದ ನಮ್ಮ ಕಡೆಯವರು ಬಸ್ಸಿನಲ್ಲಿ ಕೂತು ಕೇಳುತ್ತಾರೆ. ಆಯ್ಕೆ ಮಾಡಬೇಕಾದದ್ದು ಇವರಿಗಾಗಿ. ಇವರಿಗೆ ಇರುವುದು ಕಿವಿ ಮಾತ್ರ.

ನಿಮ್ಮ ಆರನೇ ಹಾಡನ್ನೇ ತಗೊಳ್ಳಿ. ಅವ್ವ ಬೀಸುವ ಪದದ ಧಾಟಿಯಲ್ಲಿ ಹಾಡುತ್ತಾಳೆ. ಹಿಂದೆ ಅಡತಿ ಅಂಗಡಿಯಲ್ಲಿ ಹಮಾಲರು ಚೀಲ ತಕ್ಕಡಿಗೆ ಇಡುತ್ತಾರೆ, ಮುನೀಮ ಚೀಟಿಯಲ್ಲಿ ತೂಕ ಕಡಿಮೆ ಬರೆಯುತ್ತಾನೆ. ಪ್ರೇಕ್ಷಕರಿಗೆ ಅದು ಕಾಣುತ್ತೆ, ಅವ್ವನಿಗೆ ಕಾಣುವುದಿಲ್ಲ. ಥಿಯೇಟರಿನಲ್ಲಿ ಜನ ಉಸಿರು ಹಿಡಿದು ಕೂತದ್ದು ಅದಕ್ಕೇ. ಅದೇ ಹಾಡನ್ನು ಕಣ್ಣು ಮುಚ್ಚಿ ಕೇಳಿ. ಸುಗ್ಗಿಯ ಒಂದು ಇಂಪಾದ ಹಾಡು, ಅಷ್ಟೇ. ಮೋಸ ಎಲ್ಲೂ ಇಲ್ಲ.

ಇದನ್ನು ಸರಿ ಮಾಡಲು ಇಡೀ ದೃಶ್ಯ ಬೇಕಿಲ್ಲ. ಹಾಡಿಗೆ ಮುಂಚೆ ಗಂಡ ಹೇಳುವ ಒಂದು ಮಾತಿದೆ: "ಮನೇಲಿ ತೂಗೀನಿ, ಚೀಲಕ್ಕ ಐವತ್ತೆರಡು ಕಿಲೊ ಪಕ್ಕಾ." ಅದನ್ನು ಇಡಿ. ಆಮೇಲೆ ಹಾಡಿನ ಎರಡನೇ ನುಡಿ ಆದಮೇಲೆ ತಬಲಾ ನಿಲ್ಲಿಸಿ, ಚೀಲ ಧೊಪ್ಪನೆ ಬೀಳುವ ಸದ್ದು ಕೊಡಿ. ಮುನೀಮ ದೂರದಿಂದ "ನಲವತ್ತೊಂಬತ್ತೂ..." ಅಂತ ಕೂಗಲಿ. ರಂಗದಲ್ಲಿ ಅವನು ಸುಮ್ನೆ ಬರೆಯುತ್ತಾನೆ. ಆಲ್ಬಮ್ಮಿನಲ್ಲಿ ಕೂಗಬೇಕು. ಅವ್ವನ ಹಾಡು ಅದೇ ಲಯದಲ್ಲಿ ಮುಂದುವರಿಯುತ್ತೆ, ಅವಳಿಗೆ ಕೇಳಿಸಿಲ್ಲ. ಕೇಳುವವನಿಗೆ ಗೊತ್ತಾಯಿತು. ಹದಿನೈದು ಸೆಕೆಂಡಿನ ಕೆಲಸ. ನನ್ನನ್ನು ಕೇಳಿದರೆ ಇನ್ನೊಂದು ಇಡೀ ಹಾಡಿಗಿಂತ ಈ ಹದಿನೈದು ಸೆಕೆಂಡಿಗೆ ಬೆಲೆ ಜಾಸ್ತಿ.

ಆಕಾಶವಾಣಿಯ ನಾಟಕ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಯಾರು ಬಂದರು, ಯಾರು ಹೋದರು ಅಂತ ಬಾಗಿಲ ಸದ್ದಿನಲ್ಲೇ ಹೇಳುತ್ತಿದ್ದರು, ಅಲ್ವಾ?

ಹಿಂದೆ ಈ ತಲೆನೋವು ಇರಲಿಲ್ಲ. ಯಾಕಂದ್ರೆ ಗ್ರಾಮಫೋನ್ ತಟ್ಟೆಯೇ ತೀರ್ಮಾನ ಮಾಡುತ್ತಿತ್ತು. ಹತ್ತು ಇಂಚಿನ 78 ಆರ್‌ಪಿಎಂ ಪ್ಲೇಟಿನ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ. ಮರಾಠಿ ಸಂಗೀತ ನಾಟಕದ ಬಾಲಗಂಧರ್ವರು ರಂಗದ ಮೇಲೆ ಒನ್ಸ್ ಮೋರ್ ಮೇಲೆ ಒನ್ಸ್ ಮೋರ್ ತಗೊಂಡು ಹಾಡಿದ ಪದ ಪ್ಲೇಟಿನಲ್ಲಿ ಅಷ್ಟರಲ್ಲೇ ಮುಗಿಯಬೇಕಿತ್ತು. ಅಮೆರಿಕದಲ್ಲಿ ಡೆಕ್ಕಾ ಕಂಪನಿ 1943ರಲ್ಲಿ 'ಓಕ್ಲಹಾಮ' ನಾಟಕದ ಹಾಡುಗಳನ್ನು ಅದೇ ಕಲಾವಿದರಿಂದ ಹಾಡಿಸಿ ಪ್ಲೇಟಿನ ಕಟ್ಟು ಮಾಡಿ ಮಾರಿತು. ಎಲ್ಲ ಹಾಡೂ ಹಿಡಿಯಲಿಲ್ಲ. ಬಿಟ್ಟುಹೋದ ಮೂರನ್ನು 1945ರಲ್ಲಿ ಬೇರೆಯಾಗಿ ತಂದರು. 1948ರಲ್ಲಿ ಎಲ್‌ಪಿ (ಹೆಚ್ಚು ಹೊತ್ತು ಓಡುವ ಪ್ಲೇಟು) ಬಂದಮೇಲೂ ಒಂದು ಬದಿಗೆ ಇಪ್ಪತ್ತು, ಇಪ್ಪತ್ತೈದು ನಿಮಿಷ. 1971ರ 'ಫಾಲೀಸ್' ನಾಟಕವನ್ನು ಒಂದೇ ಎಲ್‌ಪಿಗೆ ತುರುಕಲು ಹೋಗಿ ಕೆಲವು ಹಾಡು ಬಿಟ್ಟರು, ಕೆಲವನ್ನು ಮೊಟಕು ಮಾಡಿದರು. ಆ ನಾಟಕದ ಅಭಿಮಾನಿಗಳು ಇವತ್ತಿಗೂ ಆ ರೆಕಾರ್ಡನ್ನು ಬೈಯುತ್ತಾರೆ.

ಈಗ ಆನ್‌ಲೈನಿನಲ್ಲಿ ಎಷ್ಟು ಬೇಕಾದರೂ ಹಾಕಬಹುದು. ನಿಮ್ಮನ್ನು ತಡೆಯುವುದು ಎರಡು ದಿನದ ದುಡ್ಡು ಮಾತ್ರ. ವಾದ್ಯ, ಹಿಮ್ಮೇಳ ಎಲ್ಲ ಸೇರಿ ದಿನಕ್ಕೆ ಐದಾರು ಹಾಡು ಚೆನ್ನಾಗಿ ಆದರೆ ಅದೇ ದೊಡ್ಡದು. 17ಕ್ಕೆ ಕೈ ಹಾಕಿದರೆ ಎರಡನೇ ದಿನ ಸಂಜೆ ಎಲ್ಲರ ಗಂಟಲೂ ಕೂತಿರುತ್ತೆ, ಕೊನೆಯ ಐದು ಹಾಡು ಬರೀ ಲೆಕ್ಕಕ್ಕೆ ಆಗುತ್ತವೆ. 11ಕ್ಕೆ ನಿಲ್ಲಿಸಿ.

ಬಿಡಬೇಕಾದ್ದು ಯಾವುದು? ರಾಶಿ ಪೂಜೆಯ ಕುಣಿತ ರಂಗದ ಮೇಲೆ ನಾಲ್ಕು ನಿಮಿಷ ಇದೆ. ಕಣ್ಣಿಗೆ ಹಬ್ಬ. ಕಿವಿಗೆ ಒಂದು ನಿಮಿಷ ಆದಮೇಲೆ ಅದೇ ಹಲಗಿ, ಅದೇ ಗೆಜ್ಜೆ. ಹಾಡಿನ ಭಾಗ ಇಟ್ಟು ಕುಣಿತದ ಭಾಗ ಕತ್ತರಿಸಿ. ಪರದೆ ಬದಲಿಸುವ ಹೊತ್ತು ತುಂಬಿಸಲು ಹಾಕಿದ ಎರಡು ಹಾಡು ಇವೆ ನೋಡಿ, 4 ಮತ್ತು 12. ಅವು ರಂಗದ ಕೆಲಸ ಮಾಡುತ್ತವೆ, ಆಲ್ಬಮ್ಮಿನಲ್ಲಿ ಪರದೆಯೇ ಇಲ್ಲವಲ್ಲ. ನಾಯಕಿಯ ಐದರಲ್ಲಿ ಎರಡು ಒಂದೇ ಭಾವದವು. 9 ಇರಲಿ, 10 ಹೋಗಲಿ. ಆ ಹುಡುಗಿಗೆ ನೀವೇ ಹೇಳಿ, ನನ್ನ ಹೆಸರು ಹೇಳಬೇಡಿ!

ಯಾದಗಿರಿಯ ಪೇಟಿ ಮಾಸ್ತರರೊಬ್ಬರು:

ಸರ್, ತಪ್ಪು ತಿಳಿಬೇಡಿ. ಹಾಡಿಗೆ ಮುಂಚೆ ಪೇಟಿಯಲ್ಲಿ ರಾಗ ಬಿಡಿಸಿ ಕೂರಿಸುವುದು ನಮ್ಮ ಕಂಪನಿ ನಾಟಕದ ಗುರುತು. ರೆಕಾರ್ಡಿಂಗ್ ಅಂದ ಕೂಡಲೇ ಎಲ್ಲರೂ ಮೊದಲು ಕತ್ತರಿ ಹಾಕುವುದು ಅದಕ್ಕೇ. ಇನ್ನೊಂದು, ಒಂದೇ ಹಾಡು ನಾಟಕದಲ್ಲಿ ಮೂರು ಸಲ ಬಂದರೆ ಮೂರೂ ಇಡಬೇಕೋ?

ಉತ್ತರ:

ಮಾಸ್ತರೇ, ತಪ್ಪೇನು ಬಂತು. ಪೇಟಿಯನ್ನು ಪೂರ್ತಿ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಆದರೆ ಪ್ರತಿ ಹಾಡಿಗೂ ಒಂದೊಂದು ನಿಮಿಷ ಆಲಾಪ ಇದ್ದರೆ ಮೊಬೈಲಿನಲ್ಲಿ ಕೇಳುವವರು ಮುಂದಿನ ಹಾಡಿಗೆ ಹಾರುತ್ತಾರೆ. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳದಿದ್ದರೆ ಆ ಹಾಡು ಕೇಳಿದ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಒಂದು ದಾರಿ: ಆಲ್ಬಮ್ಮಿನ ಶುರುವಿನಲ್ಲಿ ಪೇಟಿಗೆ ಅಂತಲೇ ಎರಡು ನಿಮಿಷದ ಬೇರೆ ಟ್ರ್ಯಾಕ್ ಕೊಡಿ. ಕಂಪನಿ ನಾಟಕದಲ್ಲಿ ಪರದೆ ಏಳುವ ಮುಂಚೆ ನುಡಿಸುತ್ತಿದ್ದರಲ್ಲ, ಹಾಗೆ. ಮಾಸ್ತರರ ಹೆಸರು ಅದರ ಮೇಲೇ ಬರಲಿ. ಕೇಳಬೇಕೆನಿಸಿದವರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಉಳಿದ ಹಾಡುಗಳಿಗೆ ರಾಗದ ಮುಖ ತೋರಿಸುವಷ್ಟು ಸಾಕು. ಇನ್ನೊಂದು ಮಾತು, ಕಾಲ್ಪೇಟಿ ಇದ್ದರೆ ತುಳಿಯುವ ಸದ್ದು ಮೈಕಿಗೆ ಬರುತ್ತೆ. ಕೆಳಗೆ ದಪ್ಪ ಜಮಖಾನ ಹಾಸಿ, ಮೈಕನ್ನು ಮೇಲಿನಿಂದ ಇಳಿಬಿಡಿ.

ಮೂರು ಸಲ ಬರುವ ಹಾಡಿನ ವಿಷಯ. ಮಾತು ಬದಲಾಗಿದ್ದರೆ ಇಡಿ, ಬರೀ ನೆನಪಿಸಲು ಬಂದಿದ್ದರೆ ಬಿಡಿ. ಈ ಮೇಡಂ ಅವರ ನಾಟಕದಲ್ಲೇ ನೋಡಿ. ಮೊದಲ ಹಾಡು 14ನೆಯದಾಗಿ ಮತ್ತೆ ಬರುತ್ತೆ. ಆಗ "ಕೊಟ್ಟೇವು" ಅನ್ನುವ ಕಡೆ "ಕೊಡೆವು" ಅಂತಾರೆ. ಒಂದೇ ಶಬ್ದ, ಆದರೆ ಊರೇ ತಿರುಗಿ ನಿಂತಿದೆ. ಅದು ಇರಲೇಬೇಕು. ಎಂಟನೆಯದಾಗಿ ಬರುವುದು ಬರೀ ಪಲ್ಲವಿ, ಅದು ಬೇಡ.

ಬೀದರಿನಿಂದ ಒಬ್ಬ ಕಾಲೇಜು ಹುಡುಗ:

ಅಣ್ಣ, ನಮ್ಮದೂ ಒಂದು ಸಂಗೀತ ನಾಟಕ ಇದೆ. ಚನ್ನಬಸವ ಪಟ್ಟದ್ದೇವರು ರಂಗಮಂದಿರದಲ್ಲಿ ಆಡಿದ್ದು ಪೂರ್ತಿ ರೆಕಾರ್ಡ್ ಆಗಿದೆ. ಸ್ಟುಡಿಯೋ ಖರ್ಚು ಯಾಕೆ, ಅದನ್ನೇ ಹಾಕಬಹುದಲ್ವಾ? ನಮ್ಮ ಹಾಸ್ಯ ದೃಶ್ಯದಲ್ಲಿ ಕನ್ನಡ, ದಖನಿ ಉರ್ದು, ಮರಾಠಿ ಮೂರೂ ಬೆರೆತಿದೆ. ಜನ ಬಿದ್ದು ಬಿದ್ದು ನಕ್ಕಿದ್ದಾರೆ. ಅದನ್ನು ಬಿಡೋಕೆ ಮನಸ್ಸಿಲ್ಲ.

ಉತ್ತರ:

ತಮ್ಮ, ಅದು ಸಭಾಂಗಣದ ಹಿಂದೆ ಇಟ್ಟ ಒಂದೇ ಮೈಕಿನ ರೆಕಾರ್ಡಿಂಗ್ ಆದರೆ ಆಸೆ ಬಿಡು. ಫ್ಯಾನು, ಮಕ್ಕಳ ಅಳು, ಯಾರದೋ ಮೊಬೈಲ್, ಎಲ್ಲ ಹಾಡಿನ ಮೇಲೆ ಕೂತಿರುತ್ತೆ. ಯಾವ ಸಾಫ್ಟ್‌ವೇರ್ ಕೂಡ ಅದನ್ನು ಪೂರ್ತಿ ತೆಗೆಯುವುದಿಲ್ಲ. ಮಿಕ್ಸರಿನಿಂದ ಒಬ್ಬೊಬ್ಬರ ಮೈಕೂ ಬೇರೆ ಬೇರೆ ಟ್ರ್ಯಾಕಿಗೆ ಬಂದಿದ್ದರೆ ಮಾತ್ರ ಕೂತು ನೋಡಬಹುದು.

ಹಾಸ್ಯ ದೃಶ್ಯಕ್ಕೆ ನನ್ನ ಲೆಕ್ಕ ಬೇರೆ. ಹಾಡನ್ನು ಜನ ಹತ್ತು ಸಲ ಕೇಳುತ್ತಾರೆ, ಜೋಕನ್ನು ಎರಡನೇ ಸಲ ಕೇಳುವಾಗಲೇ ಮುಖ ಸಪ್ಪಗಾಗುತ್ತೆ. ಅದನ್ನು ಹಾಡಿನ ಒಳಗೆ ಸೇರಿಸಬೇಡ. ಬೇರೆ ಟ್ರ್ಯಾಕ್ ಮಾಡು. ಬೇಡವಾದವರು ದಾಟಲಿ. ಇದಕ್ಕೆ ಮಾತ್ರ ಪ್ರದರ್ಶನದ ರೆಕಾರ್ಡಿಂಗನ್ನೇ ಬಳಸು, ಜನರ ನಗು ಇರಲಿ. ಖಾಲಿ ಸ್ಟುಡಿಯೋದಲ್ಲಿ ಹಾಸ್ಯ ಮಾಡಿಸಿದರೆ ಕಲಾವಿದನಿಗೇ ಟೈಮಿಂಗ್ ಸಿಗುವುದಿಲ್ಲ. ಮೂರು ಭಾಷೆ ಬೆರೆತ ಮಾತನ್ನು ತಿದ್ದಿ "ಶುದ್ಧ" ಮಾಡಲು ಹೋಗಬೇಡ. ಬೀದರಿನ ಸಂತೆಯಲ್ಲಿ ಜನ ಹಾಗೇ ಮಾತಾಡೋದು.

ಜೇವರ್ಗಿಯಿಂದ ಒಬ್ಬ ಶಿಕ್ಷಕಿ:

ನಮ್ಮ ಶಾಲೆಯ ನಾಟಕದಲ್ಲಿ ಕಡಕೋಳ ಮಡಿವಾಳಪ್ಪನವರ ಒಂದು ತತ್ವಪದ ಇದೆ. ಇನ್ನೊಂದು ಹಾಡಿಗೆ ಬಿ.ವಿ. ಕಾರಂತರ ಧಾಟಿ ಬಳಸಿದ್ದೇವೆ. ಆಲ್ಬಂ ಮಾಡಿದರೆ ತೊಂದರೆ ಆಗುತ್ತಾ?

ಉತ್ತರ:

ಒಳ್ಳೆ ಪ್ರಶ್ನೆ ಕೇಳಿದಿರಿ ಮೇಡಂ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು, ಸಂಗೀತ ಕೊಟ್ಟವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ. ಮಡಿವಾಳಪ್ಪನವರ ಕಾಲ ಅದಕ್ಕಿಂತ ಎಷ್ಟೋ ಹಿಂದಿನದು, ಅವರ ಪದದ ಸಾಹಿತ್ಯ ಯಾರು ಬೇಕಾದರೂ ಹಾಡಬಹುದು. ಆದರೆ ನೀವು ಹಾಡುವ ಧಾಟಿ ಭಜನೆಯವರ ಹಳೇ ಧಾಟಿಯೋ, ಈಚೆಗೆ ಯಾರೋ ಕ್ಯಾಸೆಟ್ಟಿಗೆ ಹಾಕಿದ ಹೊಸ ಧಾಟಿಯೋ ನೋಡಿಕೊಳ್ಳಿ. ಹೊಸದಾದರೆ ಆ ಧಾಟಿಗೆ ಬೇರೆ ಹಕ್ಕಿದೆ. ಕಾರಂತರು ತೀರಿಕೊಂಡದ್ದು 2002ರಲ್ಲಿ. ಅಂದರೆ ಅವರ ಧಾಟಿಗಳ ಹಕ್ಕು 2062ರ ಕೊನೆಯವರೆಗೂ ಇದೆ. ಹಕ್ಕುದಾರರಿಂದ ಬರವಣಿಗೆಯಲ್ಲಿ ಒಪ್ಪಿಗೆ ಬೇಕು. ರಂಗದ ಮೇಲೆ ಹಾಡಲು ಒಪ್ಪಿದ್ದಾರೆ ಅಂದ ಮಾತ್ರಕ್ಕೆ ರೆಕಾರ್ಡಿಗೂ ಒಪ್ಪಿದಂತೆ ಆಗುವುದಿಲ್ಲ, ಅದನ್ನು ಬೇರೆಯಾಗಿಯೇ ಕೇಳಬೇಕು. ಒಪ್ಪಿಗೆ ಕೈಗೆ ಬರುವವರೆಗೆ ಆ ಹಾಡನ್ನು ಪಟ್ಟಿಯಲ್ಲಿ ಸೇರಿಸಲೇಬೇಡಿ.

ಸ್ವಂತ ತಂಡದವರ ಜೊತೆಗೂ ಕಾಗದ ಮಾಡಿಕೊಳ್ಳಿ. "ಎಲ್ಲ ನಮ್ಮವರೇ" ಅಂತ ಬಿಟ್ಟ ಕಡೆಯೇ ಜಗಳ ಆಗೋದು. ಹಾಡಿದವರಿಗೂ ನುಡಿಸಿದವರಿಗೂ ಕಾನೂನಿನಲ್ಲಿ ಕಲಾವಿದರ ಹಕ್ಕು ಅಂತ ಇದೆ. ಸಾಹಿತ್ಯ, ಸಂಗೀತದ ಹಕ್ಕನ್ನು ಬರೆದುಕೊಡುವಾಗ ಎಷ್ಟು ವರ್ಷಕ್ಕೆ, ಯಾವ ಊರು ದೇಶಕ್ಕೆ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ, ಭಾರತಕ್ಕೆ ಮಾತ್ರ ಅಂತಲೇ ಹಿಡಿಯುತ್ತೆ. ಆನ್‌ಲೈನಿಗೆ ಹಾಕಿದ್ದು ದುಬೈಯಲ್ಲೂ ಕೇಳುತ್ತೆ. ಅದನ್ನು ಕಾಗದದಲ್ಲೇ ಬರೆಸಿ.

ಪ್ರಶ್ನೆ ಕೇಳಿದ ನಿರ್ದೇಶಕಿ:

ಸರ್, ತಂಡದಲ್ಲಿ ಕೂತು ಮಾತಾಡಿದೆವು. 11 ಅಂತ ಒಪ್ಪಿದ್ದಾರೆ, ಪೇಟಿ ಟ್ರ್ಯಾಕ್ ಬೇರೆ. ಮಾಸ್ತರರಿಗೆ ಖುಷಿಯಾಗಿದೆ. ನಾಯಕಿ ಎರಡು ದಿನ ಮಾತು ಬಿಟ್ಟಿದ್ದಳು, ಈಗ ಸರಿಯಾಗಿದ್ದಾಳೆ. ಎರಡು ಅನುಮಾನ ಉಳಿದಿದೆ. ಶುರುವಿನ ನಾಂದಿ ಮತ್ತು ಕೊನೆಯ ಮಂಗಳ ಇಡಬೇಕಾ? ಕೊನೆಯ ದೃಶ್ಯದಲ್ಲಿ ಮಗಳು ಚೀಟಿ ಓದಿ ಹರಿಯುವ ಭಾಗ ಇದೆ. ಅದು ಅರ್ಧ ಮಾತು, ಅರ್ಧ ಹಾಡು. ನಾಟಕ ಬರೆದವರು ಅದಿಲ್ಲದೆ ಆಲ್ಬಮ್ಮೇ ಬೇಡ ಅಂತಾರೆ.

ಉತ್ತರ:

ನಾಂದಿ ಇಡಿ, ಮಂಗಳ ಬಿಡಿ. ನಿಮ್ಮ ನಾಂದಿಯಲ್ಲಿ ಊರು, ಕಾಲ, ಬೆಳೆ ಎಲ್ಲ ಬಂದುಬಿಡುತ್ತೆ. ನಾಟಕ ನೋಡದವನಿಗೆ ಅದೇ ಪರಿಚಯ. ಮಂಗಳ ಚಿಕ್ಕದು, ಚೆನ್ನಾಗಿದೆ, ಆದರೆ ಎದ್ದು ನಿಂತ ಜನರಿಗೆ ಹಾಡುವ ಹಾಡು ಅದು.

ಕೊನೆಯ ದೃಶ್ಯದ ಬಗ್ಗೆ ನಾಟಕ ಬರೆದವರ ಜೊತೆ ನನಗೆ ಒಪ್ಪಿಗೆ ಇಲ್ಲ. ಅಷ್ಟು ಬೆಲೆಯ ದೃಶ್ಯ ಆದ್ದರಿಂದಲೇ ಅದನ್ನು ಹೊರಗಿಡಿ ಅಂತೀನಿ. 2015ರ 'ಹ್ಯಾಮಿಲ್ಟನ್' ಅಮೆರಿಕದ ನಾಟಕ, ಹೆಚ್ಚುಕಡಿಮೆ ಪೂರ್ತಿ ಹಾಡಿನಲ್ಲೇ ನಡೆಯುತ್ತೆ. ಅದರ ಆಲ್ಬಮ್ಮಿನಲ್ಲಿ 46 ಟ್ರ್ಯಾಕ್ ಇವೆ. ಅಷ್ಟೆಲ್ಲ ಹಾಕಿದವರು ಒಬ್ಬ ಗೆಳೆಯನ ಸಾವಿನ ಸುದ್ದಿ ಬರುವ ಪುಟ್ಟ ದೃಶ್ಯವನ್ನು ಬೇಕಂತಲೇ ಬಿಟ್ಟರು. ಅದು ಹಾಡಿಗಿಂತ ದೃಶ್ಯವೇ ಜಾಸ್ತಿ, ಥಿಯೇಟರಿಗೆ ಬಂದವರಿಗೆ ಒಂದಾದರೂ ಹೊಸದು ಉಳಿಯಲಿ ಅನ್ನುವುದು ನಾಟಕ ಬರೆದವರದೇ ಯೋಚನೆ. ನಿಮ್ಮ ಚೀಟಿ ಹರಿಯುವ ದೃಶ್ಯವೂ ಹಾಗೇ. ಅವಳು ಓದುವಾಗ ಅಪ್ಪನ ಮುಖ ನೋಡಬೇಕು. ಕಾಗದ ಹರಿದ ಸದ್ದಷ್ಟೇ ಕೇಳಿಸಿದರೆ ಕೆಲಸ ಆಗಲ್ಲ. 14ನೇ ಹಾಡಿನ "ಕೊಡೆವು" ಕೂಗಿಗೆ ಆಲ್ಬಂ ನಿಲ್ಲಿಸಿ. ಮುಂದೆ ಏನಾಯಿತು ಅಂತ ಕೇಳಿದವರು ನಾಟಕಕ್ಕೆ ಬರುತ್ತಾರೆ. ನಿಮಗೆ ಇನ್ನೂ ಪ್ರದರ್ಶನ ಇವೆ ಅಲ್ವಾ?

ಇನ್ನು ಸ್ಟುಡಿಯೋ ದಿನದ ಕ್ರಮ. ನಾಟಕದ ಕ್ರಮದಲ್ಲಿ ಹಾಡಿಸಬೇಡಿ. ಮೊದಲ ದಿನ ಬೆಳಿಗ್ಗೆ ಹಿಮ್ಮೇಳ ಇರುವ ಹಾಡುಗಳನ್ನೆಲ್ಲ ಮುಗಿಸಿ. ದೂರದ ಊರಿನವರು ಸಂಜೆ ಬಸ್ಸಿಗೆ ಹೋಗಲಿ, ಅವರ ಎರಡನೇ ದಿನದ ಊಟ, ಖರ್ಚು ಉಳಿಯುತ್ತೆ. ಹಲಗಿ ಜೋರು ಇರುವ ಹಾಡಿಗೆ ಹಲಗಿಯವರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಇಲ್ಲದಿದ್ದರೆ ಎಲ್ಲ ಮೈಕಿಗೂ ಅದೇ ತುಂಬುತ್ತೆ. ಅವ್ವನ ಬೀಸುವ ಪದ ಎರಡನೇ ದಿನ ಬೆಳಿಗ್ಗೆ, ಗಂಟಲು ತಾಜಾ ಇರುವಾಗ. ಮುನೀಮನ ಪಾತ್ರದವರಿಗೆ ಆ ದಿನ ಬರಲೇಬೇಕು ಅಂತ ಹೇಳಿಡಿ, ಒಂದೇ ಒಂದು ಕೂಗಿಗೆ ಬಂದರೂ ಪರವಾಗಿಲ್ಲ. ಆಮೇಲೆ ಬೇರೆಯವರಿಂದ ಕೂಗಿಸಿ ಅಂಟಿಸಿದರೆ ಅದು ಗೊತ್ತಾಗುತ್ತೆ.